ಗಾಜಿಗೆ ಬೀಳದ ನೀರು

ಮುಂದಿನ ಗಾಜಿಗೆ ನೀರು ಬರುತ್ತಿಲ್ಲ ಎಂದು ಯಾರಾದರೂ ಹಳೇ ಗಾಡಿ ತಂದು ನಿಲ್ಲಿಸಿದರೆ, ಈಗ ಕೆಲಸಕ್ಕೆ ಸೇರಿದ ಹುಡುಗರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಬ್ರೇಕ್ ಅಲ್ಲ, ಹೆಡ್‌ಲೈಟ್ ಅಲ್ಲ, ಗಾಜು ತೊಳೆಯುವ ನೀರು ತಾನೇ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಹೊಸೂರು ಗಡಿಯ ಜೂಜುವಾಡಿಯಲ್ಲಿ ಸರ್ವೀಸ್ ರಸ್ತೆಯ ಪಕ್ಕ ಅಂಗಡಿ ಇಟ್ಟುಕೊಂಡು ಮೂವತ್ತೆಂಟು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವನು ನಾನು. ವೈರಿಂಗ್ ನಂಜಪ್ಪನ ಹೆಸರು ಕೇಳದ ಡ್ರೈವರ್ ಸಿಕ್ಕಿದರೆ, ಅವನು ಹೊಸೂರು ದಾರಿಗೇ ಹೊಸಬ ಎಂದು ತಿಳಿಯಬೇಕು. ಬಾನೆಟ್ ಎತ್ತುವ ಮೊದಲೇ, ಸುಟ್ಟ ವಾಸನೆ ಹಿಡಿದು ಯಾವ ವೈರ್ ಎಂದು ಹೇಳುತ್ತಿದ್ದೆ. ಜಂಬ ಅಂದರೆ ಅನ್ನಿ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತವನಿಗೆ ಅಷ್ಟಾದರೂ ಬೇಡವೇ?

ಆದರೆ ಇಲ್ಲಿ ಬರೆಯಲು ಹೊರಟಿರುವುದು ಜಂಬದ ವಿಷಯವಲ್ಲ.

ನನಗೆ ಕೆಲಸ ಕಲಿಸಿದವರು ಕೃಷ್ಣಗಿರಿಯ ಒಬ್ಬ ಮೇಸ್ತ್ರಿ. ತಮಿಳು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ಬೈಗುಳ ಮಾತ್ರ ಮೂರು ಭಾಷೆಯಲ್ಲೂ ಬರುತ್ತಿತ್ತು. ನಾನು ಮೊದಲ ಸಲ ವಾಷರ್, ಅಂದರೆ ಈ ಗಾಜಿನ ನೀರಿನ ಕೆಲಸಕ್ಕೆ ಕೈಹಾಕಿದಾಗ ಸ್ಟಿಯರಿಂಗ್ ಕೆಳಗಿನ ಸ್ವಿಚ್ಚನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಅವರು ಬಂದು ನೋಡಿ, "ಮೊದಲ್ಲೆ ತಣ್ಣಿ ಇರುಕ್ಕಾ ಪಾರುಡಾ" ಎಂದು ತಲೆಗೆ ಒಂದು ಬಿಟ್ಟರು. ಮೊದಲು ನೀರಿದೆಯಾ ನೋಡು ಅಂತ. ಟ್ಯಾಂಕ್ ಒಣಗಿತ್ತು. ಎರಡು ಗಂಟೆ ನಾನು ಬಿಚ್ಚಿದ್ದು ಒಂದು ಚೊಂಬು ನೀರಿನ ಕೆಲಸ.

ಆಮೇಲೆ ಆ ಕ್ರಮ ನನಗೆ ಬಾಯಿಪಾಠವಾಯಿತು. ಮೊದಲು ಟ್ಯಾಂಕಿನ ನೀರು. ಆಮೇಲೆ ಸ್ಟಿಯರಿಂಗ್ ಪಕ್ಕದ ಲಿವರ್ ಎಳೆದು ಕಿವಿ ಕೊಡುವುದು. ಮೋಟಾರ್ ಗುಂಯ್ ಎಂದರೆ ಕರೆಂಟ್ ಸರಿಯಾಗಿದೆ, ತೊಂದರೆ ನೀರಿನ ದಾರಿಯಲ್ಲಿದೆ. ಪೈಪ್ ಕಳಚಿರಬೇಕು, ಇಲಿ ಕಡಿದಿರಬೇಕು, ಇಲ್ಲವೇ ನೀರು ಚಿಮ್ಮುವ ನಾಜಲ್ ಕಟ್ಟಿರಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಮೋಟಾರಿಗೆ ವೈರ್ ಸೇರುವ ಕಪ್ಲರ್, ಅರ್ಥ್ ವೈರ್, ಕೊನೆಗೆ ಸ್ವಿಚ್. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ತುಂಬಿಸಿ ತುಂಬಿಸಿ ನಾಜಲ್ಲಿನ ತೂತಿನಲ್ಲಿ ಬಿಳೀ ಸುಣ್ಣ ಕಟ್ಟುತ್ತದೆ. ಅದಕ್ಕೆ ಹೊಲಿಗೆ ಸೂಜಿಯೇ ಮದ್ದು. ಇಪ್ಪತ್ತು ವರ್ಷ ನನ್ನ ಅಂಗಿಯ ಕಾಲರಿಗೆ ಒಂದು ಸೂಜಿ ಚುಚ್ಚಿಕೊಂಡೇ ಇರುತ್ತಿದ್ದೆ. ಈಗಿನ ಗಾಡಿಗಳಲ್ಲಿ ನೀರು ಕಡಿಮೆಯಾದರೆ ಮೀಟರಿನಲ್ಲಿ ದೀಪ ಹತ್ತುತ್ತದೆ, ಕಂಪ್ಯೂಟರ್ ಚುಚ್ಚಿದರೆ ತಪ್ಪು ಎಲ್ಲಿ ಅಂತ ಅದೇ ಹೇಳುತ್ತದೆ. ಹಳೇ ಗಾಡಿ ಏನೂ ಹೇಳುವುದಿಲ್ಲ. ನಾವೇ ಕೇಳಿಸಿಕೊಳ್ಳಬೇಕು.

ಅದೇ ಸೂಜಿಯಿಂದ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಹಳೇ ಗಾಡಿಯ ನಾಜಲ್ಲಿನೊಳಗೆ ಗೋಲಿಯಂಥ ಒಂದು ಗುಂಡು ಇರುತ್ತದೆ. ಅದರ ತೂತಿಗೆ ಸೂಜಿ ಹಾಕಿ ತಿರುಗಿಸಿದರೆ ನೀರು ಬೀಳುವ ಜಾಗ ಬದಲಾಗುತ್ತದೆ. ಸ್ವಲ್ಪ ಹೊರಗೆ ತಿರುಗಿಸಿಬಿಟ್ಟರೆ, ಬಾಗಿಲ ಪಕ್ಕ ನಿಂತವನ ಮುಖಕ್ಕೆ ಸರಿಯಾಗಿ ಬೀಳುತ್ತದೆ. ಎಷ್ಟು ಜನರ ಇಸ್ತ್ರಿ ಅಂಗಿ ತೋಯಿಸಿದ್ದೇನೋ ಲೆಕ್ಕವಿಲ್ಲ. ಮದುವೆಗೆ ಹೊರಟ ಮದುಮಗನನ್ನೂ ಬಿಟ್ಟಿಲ್ಲ. ಬೈದವರೂ ಟೀ ಕುಡಿದೇ ಹೋಗುತ್ತಿದ್ದರು. ನನ್ನ ಅಂಗಡಿಗೆ ಬಂದರೆ ಒಂದು ತಮಾಷೆ ಗ್ಯಾರಂಟಿ ಎಂಬ ಹೆಸರು ನನಗೆ ಕೆಲಸದ ಹೆಸರಿಗಿಂತ ಹೆಚ್ಚು ಖುಷಿ ಕೊಡುತ್ತಿತ್ತು.

ಮುನಿರಾಜು ಎಂಬ ಡ್ರೈವರ್ ನನಗೆ ತಮ್ಮನ ಹಾಗೆ. ಬಾಗಲೂರು ಆಚೆಯ ಹಳ್ಳಿಗಳಿಂದ ಹದಿನಾಲ್ಕು ಹೆಂಗಸರನ್ನು ಹತ್ತಿಸಿಕೊಂಡು ಹೊಸೂರಿನ ಫ್ಯಾಕ್ಟರಿಗೆ ಬಿಡುವುದು, ಸಂಜೆ ವಾಪಸ್ ಕರೆದೊಯ್ಯುವುದು ಅವನ ಕೆಲಸ. ಗಾಡಿ ಅವನದಲ್ಲ, ಗೋವಿಂದ ರೆಡ್ಡಿಯವರದು. ಮುಂದೆ ಮೂತಿಯಿರುವ ಹಳೇ ವ್ಯಾನು. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದ್ದ, ಒಂದು ಗೀರೂ ಬಿದ್ದಿರಲಿಲ್ಲ. ಆಯುಧ ಪೂಜೆ ಮುಗಿದ ವಾರ, ಫ್ಯಾಕ್ಟರಿಗೆ ರಜೆಯಿದ್ದ ದಿನ, ವ್ಯಾನು ತಂದು ನಿಲ್ಲಿಸಿದ. ಅವನಿಗೆ ಹೊಸದಾಗಿ ಕನ್ನಡಕ ಬಂದಿತ್ತು.

"ಅಣ್ಣ, ಗಾಜಿಗೆ ನೀರು ಬತ್ತಿಲ್ಲ. ಮೋಟ್ರು ಸದ್ದು ಮಾತ್ರ ಬತ್ತೈತೆ."

"ನೀರು ಬತ್ತಿಲ್ವೋ, ಬಂದಿದ್ದು ನಿನ್ ಕಣ್ಣಿಗೆ ಕಾಣ್ತಿಲ್ವೋ? ಮೊದ್ಲು ಅದ್ನ ಹೇಳ್ಲಾ."

"ನಿಂದೊಂದು ಬುಡಣ್ಣ."

"ಇಲ್ಲ ಕಣ್ಲಾ, ಕನ್ನಡಕ ಬೇರೆ ಬಂದೈತೆ. ಬಾ, ಅದಕ್ಕೂ ಒಂದ್ ಜೊತೆ ವೈಪರ್ ಕೂರಿಸ್ಕೊಡ್ತೀನಿ."

ಪಕ್ಕದ ಪಂಕ್ಚರ್ ಅಂಗಡಿಯವರು, ಟೀ ಕುಡಿಯುತ್ತಿದ್ದ ಲಾರಿಯವರು ಎಲ್ಲ ನಕ್ಕರು. ಮುನಿರಾಜುವೂ ನಕ್ಕ. ಸಂಜೆಯೊಳಗೆ ಆ ಮಾತು ಡ್ರೈವರುಗಳ ಸ್ಟ್ಯಾಂಡಿಗೆ ಹೋಯಿತು. ಅಲ್ಲಿಂದ ರೆಡ್ಡಿಯವರ ಕಿವಿಗೂ ಹೋಯಿತು. ಅದು ನನಗೆ ಆಗ ತಿಳಿಯಲಿಲ್ಲ.

ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ಹಳದಿ ನೀರು.

"ಏನ್ಲಾ ಇದು? ಹುಳಿ ಸುರಿದಿದ್ದೀಯಾ?"

"ರೆಡ್ಡಿಗಾರು ಸುರಿದಿದ್ದು. ಪೂಜೆ ಕಳಶದ ನೀರು. ಕಾಲಲ್ಲಿ ತುಳಿಯೋ ಜಾಗಕ್ಕೆ ಚೆಲ್ಬಾರ್ದು ಅಂತ ಗಾಡಿ ಹೊಟ್ಟೆಗೇ ಬುಟ್ರು."

ಇದು ಪ್ರತಿ ವರ್ಷದ ಕಥೆ. ಹಬ್ಬ ಮುಗಿದ ಮೇಲೆ ಇಂಥ ಐದಾರು ಗಾಡಿಯಾದರೂ ಬರುತ್ತಿದ್ದವು. ಭಕ್ತಿಯಿಂದ ಸುರಿದ ಅರಿಶಿನ, ಕುಂಕುಮ, ವಿಭೂತಿ ಎಲ್ಲ ತಳಕ್ಕಿಳಿದು ಮೋಟಾರಿನ ಬಾಯಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅವತ್ತು ಜಾಲರಿಯಲ್ಲಿ ಮೂರು ತುಳಸಿ ಎಲೆಯೂ ಸಿಕ್ಕಿದವು. ಟ್ಯಾಂಕ್ ಬಿಚ್ಚಿ ತೊಳೆದೆ, ಜಾಲರಿ ಉಜ್ಜಿದೆ, ಪೈಪಿಗೆ ಗಾಳಿ ಹಿಡಿದೆ, ಎರಡೂ ನಾಜಲ್ಲಿನ ಸುಣ್ಣ ಚುಚ್ಚಿ ತೆಗೆದೆ. ಲಿವರ್ ಎಳೆದರೆ ಎರಡು ಎಳೆ ನೀರು ಗಾಜಿನ ನಡುವಿಗೆ ನೀಟಾಗಿ ಬಿದ್ದವು. ಮುನಿರಾಜು ಆಗಲೇ ಬಸ್ಸು ಹಿಡಿದು ಹೋಗಿದ್ದ. ಸಂಜೆ ರೆಡ್ಡಿಯವರೇ ಬಂದು ಗಾಡಿ ತೆಗೆದುಕೊಂಡು ಹೋಗುವುದು ಎಂದಾಗಿತ್ತು.

ರೆಡ್ಡಿಯವರ ಅಂಗಿ ಎಂದರೆ ಗಂಜಿ ಹಾಕಿದ ಬಿಳಿ ಅಂಗಿ. ಬಂದರೆ ಗಾಡಿಯ ಬಾಗಿಲಿಗೆ ಒರಗಿ ನಿಂತು ಉಪದೇಶ ಮಾಡುವುದು ಅವರ ರೂಢಿ. ಅದನ್ನು ನೆನೆಸಿಕೊಂಡು ನನ್ನ ಕೈ ಸುಮ್ಮನಿರಲಿಲ್ಲ. ಯಾವ ಕಡೆ ನಿಂತರೂ ತಪ್ಪಿಸಿಕೊಳ್ಳಬಾರದು ಎಂದು ಎರಡು ನಾಜಲ್ಲನ್ನೂ ಸೂಜಿಯಲ್ಲಿ ಹೊರಗೆ ತಿರುಗಿಸಿಟ್ಟೆ. ಒಂದು ಬಲಕ್ಕೆ, ಒಂದು ಎಡಕ್ಕೆ.

ರೆಡ್ಡಿಯವರಿಗೆ ಡೆಂಕಣಿಕೋಟೆಗೆ ಹೋಗುವ ತುರ್ತು ಬಂತು. ಬದಲಿಗೆ ಮುನಿರಾಜುವೇ ಬಂದ. ನಾನು ಆ ಹೊತ್ತಿಗೆ ಒಂದು ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ.

"ಆಯ್ತೇನಣ್ಣ?"

"ಆಯ್ತು, ತಗೊಂಡೋಗು."

ವ್ಯಾನು ಸ್ಟಾರ್ಟ್ ಆದ ಸದ್ದಿಗೆ ನಾಜಲ್ಲಿನ ನೆನಪಾಯಿತು. ಇಲ್ಲಿ ಸುಳ್ಳು ಬರೆಯುವುದಿಲ್ಲ. ಮರೆತೆ ಎಂದು ಬರೆದರೆ ನಿಮಗೆ ಗೊತ್ತಾಗುವುದಿಲ್ಲ, ಆದರೆ ನಾನು ಮರೆತಿರಲಿಲ್ಲ. ಕೂಗಿದ್ದರೆ ನಿಲ್ಲಿಸುತ್ತಿದ್ದ. ನಾಳೆ ಯಾರಾದರೂ ತೊಯ್ದು, ಮುನಿರಾಜು ಬೈಯುತ್ತಾ ಬರುತ್ತಾನೆ, ಬರಲಿ ಎಂದುಕೊಂಡು ಲಾರಿಯ ಕೆಳಗೇ ಒಬ್ಬನೇ ನಕ್ಕೆ.

ಮರುದಿನ ಬೆಳಿಗ್ಗೆ ಮೋಡವಿಲ್ಲದ ಬಿಸಿಲು. ಬಾಗಲೂರು ರಸ್ತೆಯಲ್ಲಿ ವ್ಯಾನು ಬರುತ್ತಿರುವಾಗ, ಗ್ರಾನೈಟ್ ಕೊಯ್ಯುವ ಕಡೆಯ ಬೂದು ಕೆಸರು ತುಂಬಿದ ಲಾರಿಯೊಂದು ಎದುರಿನಿಂದ ಬಂದು ರಸ್ತೆಯ ಗುಂಡಿಗೆ ಇಳಿಯಿತು. ಅದರ ಕೆಸರು ವ್ಯಾನಿನ ಗಾಜಿಗೆ ಹೊಡೆಯಿತು. ಮುನಿರಾಜು ವಾಷರ್ ಲಿವರ್ ಎಳೆದ. ಮೋಟಾರ್ ಗುಂಯ್ ಎಂದಿತು. ವೈಪರ್ ತಿರುಗಿತು. ನೀರಿಲ್ಲದ ಗಾಜಿನ ಮೇಲೆ ಆ ಕಲ್ಲಿನ ಹಿಟ್ಟನ್ನು ವೈಪರ್ ಗೋಡೆಗೆ ಸುಣ್ಣ ಬಳಿದಂತೆ ಬಳಿಯಿತು. ಅವನು ಮತ್ತೆ ಎಳೆದ, ಮತ್ತೆ ಬಳಿಯಿತು. ಬ್ರೇಕ್ ಒತ್ತುವಷ್ಟರಲ್ಲಿ ಎಡಗಡೆ ಚಕ್ರ ರಸ್ತೆ ಬಿಟ್ಟು, ವ್ಯಾನು ಚರಂಡಿಗೆ ಇಳಿದು ಕಲ್ಲಿಗೆ ಗುದ್ದಿ ನಿಂತಿತು.

ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ಮುಂದಿನ ಸೀಟಿನಲ್ಲಿ, ಎಡಗಡೆಯ ತೆರೆದ ಕಿಟಕಿ ಪಕ್ಕ ಕೂತಿದ್ದ ಗೌರಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ರೆಡ್ಡಿಯವರು ಅಲ್ಲೇ, ಹೆಂಗಸರೆಲ್ಲ ನೋಡುತ್ತಿರುವಾಗಲೇ, ಮುನಿರಾಜುವಿನ ಕೈಯಿಂದ ಕೀ ತೆಗೆದುಕೊಂಡರಂತೆ. "ಕಣ್ಣು ಕಾಣಲ್ಲ ಅಂತ ಸ್ಟ್ಯಾಂಡ್ನಲ್ಲೆಲ್ಲ ಆಡ್ಕೊಂಡು ನಗ್ತಾವ್ರೆ. ನಾನೊಬ್ಬ ನಂಬಿ ಹದಿನಾಲ್ಕು ಜೀವ ಕೊಟ್ಟೆ ನಿನ್ ಕೈಗೆ" ಎಂದರಂತೆ. ನೀರು ಬಂತಾ ಎಂದು ಯಾರೋ ಕೇಳಿದ್ದಕ್ಕೆ ಮುನಿರಾಜು, "ಬಂದಿರ್ಬೇಕು. ಮೋಟ್ರು ಸದ್ದು ಬಂತು. ನಂಜಣ್ಣ ನಿನ್ನೆ ತಾನೆ ಮಾಡ್ಕೊಟ್ಟೌನೆ. ನಂಗೇ ಕಾಣ್ಲಿಲ್ವೇನೋ" ಎಂದನಂತೆ. ಟ್ಯಾಂಕ್ ಒಡೆದು ನೀರೆಲ್ಲ ಚರಂಡಿ ಪಾಲಾಗಿತ್ತು. ಅಲ್ಲಿ ಪರೀಕ್ಷೆ ಮಾಡಿ ನೋಡಲು ಏನೂ ಉಳಿದಿರಲಿಲ್ಲ.

ಇನ್ನು ಮುಂದೆ ಅವನು ಓಡಿಸಿದರೆ ತಾವು ಹತ್ತುವುದಿಲ್ಲ ಎಂದು ಹೆಂಗಸರೂ ಅಂದರು. ಐವತ್ತು ದಾಟಿದ, ಕಣ್ಣು ಹೋದವನೆಂದು ಹೆಸರಾದ ಡ್ರೈವರಿಗೆ ಹೊಸೂರಿನಲ್ಲಿ ಇನ್ಯಾರೂ ಸ್ಟಿಯರಿಂಗ್ ಕೊಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನುಜ್ಜಾದ ವ್ಯಾನನ್ನು ಎಳೆದುಕೊಂಡು ಬಂದು ನನ್ನ ಅಂಗಡಿ ಮುಂದೆಯೇ ಬಿಟ್ಟರು. ನಿಜ ಹೇಳುತ್ತೇನೆ, ಮೊದಲ ದಿನ ನಾನು ನಾಜಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣೇ ಇರಬಹುದು, ಕೆಸರು ಜಾಸ್ತಿ ಇದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎರಡನೇ ದಿನ ಗೌರಮ್ಮ ಬಂದಳು. ಕೈಗೆ ಪ್ಲಾಸ್ಟರ್ ಕಟ್ಟು, ಕತ್ತಿಗೆ ಜೋತುಬಿಟ್ಟ ಬಟ್ಟೆ. ಸೀಟಿನ ಕೆಳಗೆ ಉಳಿದಿದ್ದ ಊಟದ ಡಬ್ಬಿಗೆ ಬಂದಿದ್ದಳು. ತೆಗೆದುಕೊಟ್ಟೆ.

"ನಂಜಣ್ಣ, ಒಂದ್ ಮಾತು ಕೇಳ್ಲಾ? ಆವತ್ತು ಬಿಸ್ಲು ಸುಡ್ತಿತ್ತು. ಗಾಡಿ ಚರಂಡಿಗೆ ಹೋಗೋಕೆ ಮುಂಚೆ ನನ್ ಮುಖಕ್ಕೆ ಪಿಚಕ್ಕಂತ ನೀರು ಬಿತ್ತು. ಮಳೆ ಇಲ್ದೆ ಅದೆಲ್ಲಿಂದ ಬಂತು?"

"ಲಾರೀದಿರ್ಬೇಕು ಗೌರಮ್ಮ."

"ಲಾರೀದು ಕೆಸ್ರು. ಇದು ತಿಳಿ ನೀರು. ಎರಡು ಸಲ ಬಿತ್ತು."

ಎರಡು ಸಲ. ಮುನಿರಾಜು ಲಿವರ್ ಎಳೆದದ್ದೂ ಎರಡು ಸಲ. ಅವನ ಗಾಜಿಗೆ ಬೀಳಬೇಕಾದ ನೀರು ಅವಳ ಮುಖಕ್ಕೆ ಬಿದ್ದಿತ್ತು. ಅವಳನ್ನು ಬಸ್ಸಿಗೆ ಹತ್ತಿಸಿ ಕಳಿಸಿದೆ.

ಆಮೇಲೆ ವ್ಯಾನಿನ ಮುಂದೆ ಹೋಗಿ ನಿಂತೆ. ಬಾನೆಟ್ ಎಡಮೂಲೆಯಲ್ಲಿ ಮಡಚಿತ್ತು, ನಾಜಲ್ ಎರಡೂ ನಾನಿಟ್ಟ ಹಾಗೇ ಇದ್ದವು. ಕಾಲರಿನ ಸೂಜಿ ಕೈಗೆ ಬಂದಿತ್ತು. ಎರಡನ್ನೂ ಗಾಜಿನ ಕಡೆಗೆ ತಿರುಗಿಸಿದರೆ ಮುಗಿಯಿತು. ಒಂದು ನಿಮಿಷದ ಕೆಲಸವೂ ಅಲ್ಲ. ಸುತ್ತ ಯಾರೂ ನೋಡುತ್ತಿರಲಿಲ್ಲ, ನೋಡಿದರೂ ನಂಜಪ್ಪ ನಾಜಲ್ ಚುಚ್ಚುತ್ತಿದ್ದಾನೆ ಎನ್ನುತ್ತಿದ್ದರು ಅಷ್ಟೆ. ಸೂಜಿಯ ಮೊನೆಯನ್ನು ಬಲಗಡೆಯ ತೂತಿನೊಳಗೆ ಇಟ್ಟೂ ಇದ್ದೆ. ತಿರುಗಿಸಲಿಲ್ಲ. "ನಂಜಣ್ಣ ಮಾಡ್ಕೊಟ್ಟೌನೆ" ಎಂದಿದ್ದನಲ್ಲ ಮುನಿರಾಜು, ಅದು ಕಿವಿಯಲ್ಲಿತ್ತು.

ಮರುದಿನ ರೆಡ್ಡಿಯವರು ಬೇರೆ ಡ್ರೈವರನ್ನು ಗೊತ್ತುಮಾಡಿಕೊಂಡೇ ಬಂದರು. ಮುನಿರಾಜುವನ್ನೂ ನಾನು ಹೇಳಿಕಳಿಸಿ ಕರೆಸಿದ್ದೆ. ಅವನು ದೂರದಲ್ಲಿ ಟೈರಿನ ಮೇಲೆ ಕೂತಿದ್ದ, ಕನ್ನಡಕ ಜೇಬಿನಲ್ಲಿತ್ತು. ನಾನು ಎಲ್ಲರೆದುರಿಗೆ ಹೇಳಿದೆ, "ರೆಡ್ಡಿಗಾರು, ತಪ್ಪು ಇವನ ಕಣ್ಣಿಂದಲ್ಲ. ನನ್ನದು. ನಿಮ್ಮನ್ನ ತೋಯಿಸೋಕೆ ಅಂತ ನಾಜಲ್ ಹೊರಕ್ಕೆ ತಿರುಗಿಸಿದ್ದೆ. ಹಂಗೇ ಕಳಿಸ್ಬುಟ್ಟೆ."

ಅವರು ನನ್ನ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕರು.

"ಏಮಯ್ಯಾ ನಂಜಪ್ಪ! ಗೆಳೆಯನ್ನ ಉಳಿಸೋಕೆ ಈ ನಾಟಕಾನಾ? ಇಷ್ಟು ವರ್ಷ ನಿನ್ ಆಟ ನೋಡಿಲ್ವಾ ನಾನು?"

"ಆಟ ಅಲ್ಲ, ಸತ್ಯವಾಗ್ಲೂ."

"ಹೋದ್ ವರ್ಷ ನನ್ ಗಾಡಿ ಇಂಜಿನ್‌ನಲ್ಲಿ ಹಾವೈತೆ ಅಂತಾನೂ ಸತ್ಯ ಮಾಡಿದ್ದೆ."

ಟೀ ಅಂಗಡಿಯವರೂ ನಕ್ಕರು. ಅಷ್ಟು ವರ್ಷ ಕಷ್ಟಪಟ್ಟು ನಾನು ಸಂಪಾದಿಸಿದ ಹೆಸರು ಅವತ್ತು ನನ್ನ ಬಾಯಿಗೇ ಬೀಗ ಹಾಕಿತ್ತು. ಮುನಿರಾಜು ಮಾತ್ರ ನಗಲಿಲ್ಲ. "ಬುಡಣ್ಣ, ನನಗೋಸ್ಕರ ಸುಳ್ಳು ಹೇಳ್ಬೇಡ. ನನ್ ಕಣ್ಣು ಹೋಗೈತೆ, ಹೋಗೈತೆ ಅಷ್ಟೆ" ಎಂದ.

ಬಾಯಿಮಾತಿನಿಂದ ಆಗುವುದಲ್ಲ ಎಂದು ಗೊತ್ತಾಯಿತು. ಗಾಡಿಯ ಕೈಯಲ್ಲೇ ಹೇಳಿಸಬೇಕು. ರೆಡ್ಡಿಯವರಿಗೆ ಕಾಲು ಗಂಟೆ ನಿಲ್ಲಿ ಎಂದು ಕೈಮುಗಿದೆ. ನಗುತ್ತಲೇ ನಿಂತರು, ಬಾಗಿಲಿಗೆ ಒರಗಿಕೊಂಡು.

ಜೀವಮಾನವಿಡೀ ಗಾಜಿಗೆ ನೀರು ಬರಿಸಲು ದಾರಿ ಹುಡುಕಿದವನು ನಾನು. ಅವತ್ತು ನೀರು ಗಾಜಿಗೆ ಬೀಳುವುದಿಲ್ಲ ಎಂದು ತೋರಿಸಲು ಅದೇ ಕ್ರಮದಲ್ಲಿ ಹೊರಟೆ. ಮೊದಲು ನೀರು. ಒಡೆದ ಟ್ಯಾಂಕಿನ ಬದಲು ಒಂದು ಕ್ಯಾನ್ ತುಂಬಿಸಿ ಮೋಟಾರಿಗೆ ಪೈಪ್ ಕೊಟ್ಟೆ. ಲಿವರ್ ಎಳೆದೆ, ಸದ್ದಿಲ್ಲ. ಫ್ಯೂಸ್ ನೋಡಿದೆ, ಗುದ್ದಿದ ಏಟಿಗೆ ವೈರ್ ಜಜ್ಜಿ ಸುಟ್ಟಿತ್ತು. ಜಜ್ಜಿದ ಕಡೆ ಟೇಪ್ ಸುತ್ತಿ ಹೊಸ ಫ್ಯೂಸ್ ಹಾಕಿದೆ. ಆಗಲೂ ಸದ್ದಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದರೆ ಕಪ್ಲರಿನವರೆಗೆ ಕರೆಂಟ್ ಬರುತ್ತಿತ್ತು. ಅರ್ಥ್ ವೈರ್ ಬಾಡಿಯಿಂದ ಕಿತ್ತುಬಂದಿತ್ತು. ತುಕ್ಕು ಕೆರೆದು ಬೋಲ್ಟ್ ಬಿಗಿದೆ. ಮೋಟಾರ್ ಗುಂಯ್ ಎಂದಿತು. ನಾಜಲ್ ಮಾತ್ರ ಮುಟ್ಟಲಿಲ್ಲ. ಮುಟ್ಟಿಲ್ಲ ಎಂಬುದು ಎಲ್ಲರಿಗೂ ಕಾಣಲಿ ಎಂದು ಕಾಲರಿನ ಸೂಜಿ ತೆಗೆದು ರೆಡ್ಡಿಯವರ ಕೈಗೇ ಕೊಟ್ಟೆ.

"ಮುನಿ, ಹತ್ತಿ ಕೂತ್ಕೋ. ಎಳಿ."

"ನಾನ್ಯಾಕಣ್ಣ?"

"ನೀನೇ ಎಳೀಬೇಕು ಕಣ್ಲಾ."

ಹತ್ತಿ ಕೂತ. ಎಳೆದ. ಎರಡು ಎಳೆ ನೀರು ಗಾಜಿಗೆ ಹನಿಯೂ ತಾಕದೆ ಎರಡು ಕಡೆಗೆ ಹಾರಿದವು. ಎಡಗಡೆಯದು ಮಣ್ಣಿಗೆ ಬಿತ್ತು. ಬಲಗಡೆಯದು ರೆಡ್ಡಿಯವರ ಗಂಜಿ ಹಾಕಿದ ಅಂಗಿಯ ಎದೆಗೆ ಬಿತ್ತು.

ನಾನು ಕಾದಿದ್ದ ತಮಾಷೆ ಅದೇ. ಒಬ್ಬರೂ ನಗಲಿಲ್ಲ.

ರೆಡ್ಡಿಯವರು ಅಂಗಿ ಒರೆಸಿಕೊಳ್ಳಲಿಲ್ಲ. ಒದ್ದೆ ಎದೆ ನೋಡಿಕೊಂಡರು, ಒಣಗಿದ ಗಾಜು ನೋಡಿದರು, ಕೈಯಲ್ಲಿದ್ದ ಸೂಜಿ ನೋಡಿದರು. ಮುನಿರಾಜು ಮತ್ತೊಮ್ಮೆ ಎಳೆದ, ಇನ್ನೊಮ್ಮೆ ಎಳೆದ. ನಿಲ್ಲಿಸಲೇ ಇಲ್ಲ ಅವನು. ಕ್ಯಾನಿನ ನೀರು ಮುಗಿದು ಮೋಟಾರ್ ಬರಿದೇ ಕಿರುಗುಟ್ಟುವವರೆಗೆ ಎಳೆಯುತ್ತಲೇ ಇದ್ದ. ಆಮೇಲೆ ಒಳಗಿನಿಂದಲೇ ಕೇಳಿದ.

"ಅಂದ್ರೆ, ಆವತ್ತು ನನ್ ಕಣ್ಣು ಸರಿಯಾಗೇ ಇತ್ತಾ?"

"ಇತ್ತು ಕಣಪ್ಪ."

ಅವನು ಸ್ಟಿಯರಿಂಗಿಗೆ ಹಣೆ ಇಟ್ಟ. ಮೂರು ದಿನ ಮನೆಯ ಬಾಗಿಲಲ್ಲಿ ಕೂತು ಎದುರು ಮನೆಯ ನಂಬರನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ಓದಿ ನೋಡುತ್ತಿದ್ದನೆಂದು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು. ಓದಲು ಬಂದರೂ ನಂಬಿಕೆ ಬರುತ್ತಿರಲಿಲ್ಲವಂತೆ.

ರೆಡ್ಡಿಯವರು ಅಲ್ಲೇ ಅವನಿಗೆ ಕೀ ವಾಪಸ್ ಕೊಟ್ಟರು. ನನಗೆ ಒಂದು ಮಾತೂ ಬೈಯಲಿಲ್ಲ. ಸೂಜಿಯನ್ನು ಬಾನೆಟ್ ಮೇಲೆ ಇಟ್ಟು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು. ಹೆಂಗಸರ ಮನೆಮನೆಗೆ ನಾನೇ ಹೋಗಿ ಹೇಳಿದೆ, ಹದಿನಾಲ್ಕು ಮನೆಗೂ. ಗೌರಮ್ಮನ ಮನೆಗೆ ಕೊನೆಗೆ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಲೆಯ ಕಡೆ ಗಲ್ಲ ತೋರಿಸಿದಳು.

"ಬಲಗೈಲಿ ಮುದ್ದೆ ತಿರುವೋಕೆ ಆಗ್ತಿಲ್ಲ. ಕೋಲು ಅಲ್ಲೈತೆ. ತಿರುವು."

ತಿರುವಿದೆ. "ಗಂಟು" ಎಂದಳು. ಮತ್ತೆ ತಿರುವಿದೆ. ಅವಳ ಕಟ್ಟು ಬಿಚ್ಚುವವರೆಗೆ ನನ್ನ ಹೆಂಡತಿ ದಿನಾ ಹೋಗಿ ಅಡುಗೆ ಮಾಡಿಕೊಟ್ಟು ಬಂದಳು. ಆ ಮಣಿಕಟ್ಟು ಈಗಲೂ ಪೂರ್ತಿ ಮಡಚುವುದಿಲ್ಲ.

ವ್ಯಾನು ರಿಪೇರಿಯಾದ ಮೇಲೆ ಮುನಿರಾಜು ಒಂಬತ್ತು ವರ್ಷ ಅದನ್ನೇ ಓಡಿಸಿದ. ಹೆಂಗಸರೂ ಹತ್ತಿದರು. ನಾನು ನಾಜಲ್ ತಿರುಗಿಸುವ ಆಟ ಬಿಟ್ಟೆ. ವಾಷರ್ ಕೆಲಸ ಯಾರದೇ ಆಗಲಿ, ಡ್ರೈವರನ್ನೇ ಸೀಟಿನಲ್ಲಿ ಕೂರಿಸಿ, ಅವನ ಕೈಯಲ್ಲೇ ಎಳೆಸಿ, ಗಾಜಿಗೆ ಬಿದ್ದದ್ದನ್ನು ಅವನ ಬಾಯಲ್ಲೇ ಹೇಳಿಸಿ ಕಳಿಸುವುದನ್ನು ರೂಢಿ ಮಾಡಿಕೊಂಡೆ. ಹೊಸಬರಿಗೆ ನಾನು ಹೇಳಬೇಕಾದದ್ದು ಅಷ್ಟೆ. ಸದ್ದು ಕೇಳಿ ನಂಬಬೇಡಿ. ಮಾಡಿಕೊಟ್ಟವನ ಹೆಸರು ಕೇಳಿಯೂ ನಂಬಬೇಡಿ, ಅದು ನನ್ನ ಹೆಸರಾದರೂ ಸರಿ.

ಮುನಿರಾಜು ದಾರಿಯಲ್ಲಿ ಹೋಗುವಾಗ ಹಾರ್ನ್ ಹೊಡೆಯುತ್ತಿದ್ದ. ಇಳಿದು ಬಂದು ಟೀ ಕುಡಿಯುತ್ತಿದ್ದ. ನನ್ನ ಮಗಳ ಮದುವೆಗೆ ಹಿಂದಿನ ದಿನವೇ ಬಂದು ನೀರು ಹೊತ್ತ. ಗಾಡಿಯ ಕೆಲಸಕ್ಕೆ ಮಾತ್ರ ಅವನು ಬಾಗಲೂರಿನ ಬೇರೊಬ್ಬನ ಹತ್ತಿರ ಹೋಗುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಇನ್ನೂ ಕೋಪ ಐತೇನ್ಲಾ ಮುನಿ?"

"ಕೋಪ ಯಾವತ್ತೋ ಹೋಯ್ತು ಕಣಣ್ಣ" ಎಂದ. ಲೋಟದ ಟೀ ಊದಿ ಒಂದು ಗುಟುಕು ಕುಡಿದ. "ಆವತ್ತು ಗಾಜಿಗೆ ನೀರು ಬರ್ದೆ ಇದ್ದಾಗ, ನೀನು ತಪ್ಪು ಮಾಡಿರ್ತೀಯ ಅಂತ ನನ್ ತಲೆಗೇ ಬರ್ಲಿಲ್ಲ. ನನ್ ಕಣ್ಣನ್ನೇ ಅನುಮಾನ ಪಟ್ಟೆ. ಇನ್ನೊಂದ್ ಸಲ ಅಷ್ಟೊಂದು ನಂಬೋಕೆ ನನ್ ಕೈಲಾಗಲ್ಲಣ್ಣ."

ಟೀ ಮುಗಿಸಿ, ಲೋಟ ಕೆಳಗಿಟ್ಟು, ವ್ಯಾನನ್ನು ಬಾಗಲೂರಿನ ಕಡೆಗೆ ತಿರುಗಿಸಿಕೊಂಡು ಹೋದ.